ಖರ್ಚಾದ ಹಣಕ್ಕೆ ಉತ್ತರ ಕೇಳುವ ಕೋಣೆ

(ಶಿರಸಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಬಜೆಟ್ ದಿನ ನಾವೆಲ್ಲ ಟಿವಿ ಮುಂದೆ ಕೂರುತ್ತೇವೆ. ಅಡಿಕೆಗೆ ಏನು ಬಂತು, ಮೀನುಗಾರರಿಗೆ ಏನು ಬಂತು, ಹುಬ್ಬಳ್ಳಿ–ಅಂಕೋಲಾ ರೈಲಿಗೆ ಎಷ್ಟು ಇಟ್ಟರು ಎಂದು ನೋಡುತ್ತೇವೆ. ಮರುದಿನ ಪೇಪರಿನಲ್ಲೂ ಅದೇ ಚರ್ಚೆ. ಮೂರನೇ ದಿನಕ್ಕೆ ಎಲ್ಲ ತಣ್ಣಗಾಗುತ್ತದೆ. ಇಟ್ಟ ಹಣ ನಿಜವಾಗಿ ಬಿಡುಗಡೆ ಆಯಿತಾ, ಆದದ್ದು ಖರ್ಚಾಯಿತಾ, ಹೇಳಿದ ಕೆಲಸಕ್ಕೇ ಖರ್ಚಾಯಿತಾ ಎಂದು ತಿಳಿಯುವುದು ಎಷ್ಟೋ ಕಾಲದ ನಂತರ, ಒಂದು ದಪ್ಪ ವರದಿಯಲ್ಲಿ. ಆ ವರದಿಯನ್ನು ಮುಂದಿಟ್ಟುಕೊಂಡು ಅಧಿಕಾರಿಗಳನ್ನು ಕೂರಿಸಿ ಪ್ರಶ್ನೆ ಕೇಳುವ ಸಮಿತಿಗಳಿವೆ. ಅವುಗಳ ಬಗ್ಗೆ ಇವತ್ತು ಮಾತಾಡುತ್ತೇನೆ.

ಇಲ್ಲಿ ಕೂತವರಲ್ಲಿ ಬಹಳ ಜನ ಯಾವುದಾದರೂ ಸೊಸೈಟಿಯ ಸದಸ್ಯರು, ಅಲ್ವಾ? ವಾರ್ಷಿಕ ಸಭೆಗೆ ಹೋಗುತ್ತೀರಿ. ಆಡಿಟ್ ವರದಿ ಕೈಗೆ ಸಿಗುತ್ತದೆ. ಊಟದ ಹೊತ್ತಾಯಿತು ಎಂದು ಎಲ್ಲರೂ ಏಳುವಾಗ ಹಿಂದಿನ ಸಾಲಿನಿಂದ ಒಬ್ಬರು ನಿಂತು, ಹನ್ನೆರಡನೇ ಪುಟದಲ್ಲಿ ಈ ಬಾಕಿ ಮೂರು ವರ್ಷದಿಂದ ಹಾಗೇ ಇದೆಯಲ್ಲ, ಯಾಕೆ ಎಂದು ಕೇಳುತ್ತಾರೆ. ಸಭೆ ನಿಲ್ಲುತ್ತದೆ. ಕಾರ್ಯದರ್ಶಿ ಫೈಲು ತರಿಸಲೇಬೇಕಾಗುತ್ತದೆ. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ದೇಶದ ಮಟ್ಟದಲ್ಲಿ ಮಾಡುವ ಕೆಲಸ ಇದೇ. ಭಾಷಣ ಮಾಡುವುದಕ್ಕಿಂತ ಪುಟ ತೋರಿಸಿ ಕೇಳುವುದು ಅದರ ದಾರಿ.

ಸಂವಿಧಾನದ ಪ್ರಕಾರ ಸರ್ಕಾರದ ಬಹುಪಾಲು ಆದಾಯ ಹೋಗಿ ಸೇರುವುದು ಸಂಚಿತ ನಿಧಿಗೆ. ಕಾನೂನಿನ ಒಪ್ಪಿಗೆ ಇಲ್ಲದೆ ಅದರಿಂದ ಒಂದು ರೂಪಾಯಿಯನ್ನೂ ತೆಗೆಯುವ ಹಾಗಿಲ್ಲ. ಒಂದೊಂದು ಇಲಾಖೆಯೂ ಅನುದಾನದ ಬೇಡಿಕೆ ಇಡುತ್ತದೆ, ಲೋಕಸಭೆ ಚರ್ಚಿಸಿ ಒಪ್ಪುತ್ತದೆ, ಆಮೇಲೆ ಧನವಿನಿಯೋಗ ಮಸೂದೆ ಪಾಸಾಗುತ್ತದೆ. ಪುಸ್ತಕದಲ್ಲಿ ಇರುವುದು ಹೀಗೆ. ನಡೆಯುವುದು ಬೇರೆ. ಕೆಲವು ಇಲಾಖೆಗಳ ಬೇಡಿಕೆ ಮಾತ್ರ ಚರ್ಚೆಗೆ ಬರುತ್ತದೆ. ನಿಗದಿಯಾದ ದಿನ, ನಿಗದಿಯಾದ ಹೊತ್ತಿಗೆ ಉಳಿದದ್ದೆಲ್ಲವನ್ನೂ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಇದಕ್ಕೆ ಗಿಲೊಟಿನ್ ಅನ್ನುತ್ತಾರೆ. 2018ರಲ್ಲಿ ಮತ್ತು 2023ರಲ್ಲಿ ಒಂದೇ ಒಂದು ಇಲಾಖೆಯ ಬೇಡಿಕೆಯೂ ಲೋಕಸಭೆಯಲ್ಲಿ ಚರ್ಚೆಯಾಗಲಿಲ್ಲ. ಲಕ್ಷಾಂತರ ಕೋಟಿ ರೂಪಾಯಿ ಗದ್ದಲದ ನಡುವೆ ಹಾಗೇ ಪಾಸಾಯಿತು.

ಸದನದಲ್ಲಿ ಆಗದ ಕೆಲಸ ಎಲ್ಲಾದರೂ ಆಗಬೇಕಲ್ಲ? ಅದಕ್ಕೇ ಸಮಿತಿಗಳು.

ಖರ್ಚಿಗೆ ಮೊದಲು ನೋಡುವ ಸಮಿತಿಗಳಿವೆ, ನಂತರ ನೋಡುವವೂ ಇವೆ. ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯಿ ಸಮಿತಿಗಳು 1993ರಲ್ಲಿ ಶುರುವಾದವು. ಈಗ 24 ಇವೆ. ಒಂದೊಂದರಲ್ಲಿ 31 ಜನ, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಬಜೆಟ್ ಮಂಡನೆ ಆದ ಮೇಲೆ ಸಿಗುವ ಬಿಡುವಿನಲ್ಲಿ ಇವು ಬೇಡಿಕೆಗಳನ್ನು ಪರಿಶೀಲಿಸಿ ವರದಿ ಕೊಡುತ್ತವೆ. ಹೋದ ವರ್ಷ ಕೊಟ್ಟ ಹಣವನ್ನೇ ಖರ್ಚು ಮಾಡಿಲ್ಲ, ಈ ವರ್ಷ ಜಾಸ್ತಿ ಯಾಕೆ ಕೇಳುತ್ತೀರಿ ಎಂಬ ಪ್ರಶ್ನೆ ಮೊದಲು ಏಳುವುದು ಇಲ್ಲಿ. ಅಂದಾಜು ಸಮಿತಿಯದು ಇನ್ನೊಂದು ದಾರಿ. 1950ರಲ್ಲಿ ಬಂತು, 30 ಜನ, ಎಲ್ಲರೂ ಲೋಕಸಭೆಯವರೇ. ಇದೇ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮಾಡಬಹುದಿತ್ತಾ ಎಂದು ಅದು ನೋಡುತ್ತದೆ. ಇವೆರಡನ್ನೂ ಇಷ್ಟಕ್ಕೇ ಬಿಡುತ್ತೇನೆ. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಖರ್ಚಾದ ನಂತರ ಕೂರುವ ಸಮಿತಿಗಳು.

ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಎಲ್ಲರೂ ಪಿಎಸಿ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಗ್ಲಾಡ್‌ಸ್ಟನ್ ಹಣಕಾಸು ಮಂತ್ರಿಯಾಗಿದ್ದಾಗ, 1861ರಲ್ಲಿ, ಇಂಥ ಸಮಿತಿ ಬಂತು. ನಮ್ಮಲ್ಲಿ 1921ರಲ್ಲಿ. ಆದರೆ ಆ ಕಾಲದಲ್ಲಿ ಅದರ ಅಧ್ಯಕ್ಷರು ಸರ್ಕಾರದ ಹಣಕಾಸು ಸದಸ್ಯರೇ. ಖರ್ಚು ಮಾಡಿದವರೇ ಲೆಕ್ಕ ಕೇಳುವ ಕುರ್ಚಿಯಲ್ಲಿ! ಸಂವಿಧಾನ ಬಂದ ಮೇಲೆ 1950ರಲ್ಲಿ ಅದು ಬದಲಾಯಿತು. ಸಮಿತಿ ಸಂಸತ್ತಿನದಾಯಿತು. ಮಂತ್ರಿಯಾದವರು ಸದಸ್ಯರಾಗುವಂತಿಲ್ಲ. ಈಗ ಒಟ್ಟು 22 ಜನ, 15 ಲೋಕಸಭೆ, 7 ರಾಜ್ಯಸಭೆ. ಎಲ್ಲ ಪಕ್ಷಗಳಿಗೂ ಅವರವರ ಬಲಕ್ಕೆ ತಕ್ಕ ಪಾಲು. ಅವಧಿ ಒಂದೇ ವರ್ಷ.

1967ರಲ್ಲಿ ಇನ್ನೊಂದು ಒಳ್ಳೆಯ ಸಂಪ್ರದಾಯ ಶುರುವಾಯಿತು. ಮೊದಲ ಸಲ ವಿರೋಧ ಪಕ್ಷದವರು ಅಧ್ಯಕ್ಷರಾದರು, ಸ್ವತಂತ್ರ ಪಕ್ಷದ ಮೀನೂ ಮಸಾನಿ. ನಂತರ ವಾಜಪೇಯಿಯವರೂ ಆ ಕುರ್ಚಿಯಲ್ಲಿ ಕೂತಿದ್ದಾರೆ. ಅದೇ 1967ರ ಚುನಾವಣೆಯಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ದಿನಕರ ದೇಸಾಯಿಯವರನ್ನು ಪಕ್ಷೇತರರಾಗಿ ದಿಲ್ಲಿಗೆ ಕಳಿಸಿತ್ತು. ಚುಟುಕಗಳ ದೇಸಾಯಿಯವರು ಎಂದು ಮಕ್ಕಳಿಗೂ ಗೊತ್ತು. ಗೇಣಿದಾರರ ಪರವಾಗಿ ಹೋರಾಡಿದ ಅವರನ್ನು ಯಾವ ಪಕ್ಷದ ಬಲವೂ ಇಲ್ಲದೆ ಈ ಜಿಲ್ಲೆ ಗೆಲ್ಲಿಸಿತು ಎನ್ನುವುದನ್ನು ನೆನಪಿಡಬೇಕು. ಅಧಿಕಾರದಲ್ಲಿ ಇರುವವರನ್ನು ಪ್ರಶ್ನೆ ಕೇಳುವ ಅಭ್ಯಾಸ ಈ ನೆಲಕ್ಕೆ ಹೊಸದಲ್ಲ.

ಈಗ ಕೋಣೆಯ ಒಳಗೆ ಬನ್ನಿ. ಮೊದಲು ಸಿಎಜಿ, ಅಂದರೆ ಲೆಕ್ಕ ನಿಯಂತ್ರಕರು ಮತ್ತು ಮಹಾಲೇಖಪಾಲರ ವರದಿ ಬರುತ್ತದೆ. ಸಿಎಜಿಯವರನ್ನು ಸರ್ಕಾರ ಸುಮ್ನೆ ತೆಗೆದುಹಾಕಲು ಆಗುವುದಿಲ್ಲ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೆ ಇರುವಷ್ಟೇ ರಕ್ಷಣೆ ಅವರಿಗೂ ಇದೆ. ವರದಿ ರಾಷ್ಟ್ರಪತಿಗಳಿಗೆ ಹೋಗಿ, ಅಲ್ಲಿಂದ ಸಂಸತ್ತಿಗೆ ಬರುತ್ತದೆ. ಅದರಲ್ಲಿ ನೂರಾರು ಕಂಡಿಕೆಗಳು. ಸಮಿತಿ ಕೆಲವನ್ನು ಆರಿಸಿಕೊಂಡು ಇಲಾಖೆಯ ಕಾರ್ಯದರ್ಶಿಯನ್ನು ಕರೆಸುತ್ತದೆ. ಮಂತ್ರಿಯನ್ನು ಕರೆಸುವುದಿಲ್ಲ. ಯಾಕೆಂದರೆ ಇಲಾಖೆಯ ಲೆಕ್ಕಕ್ಕೆ ಸಹಿ ಹಾಕುವ ಹೊಣೆ ಕಾರ್ಯದರ್ಶಿಯದು. ಬಾಗಿಲು ಮುಚ್ಚಿರುತ್ತದೆ, ಕ್ಯಾಮೆರಾ ಇಲ್ಲ. ಸಿಎಜಿ ಕಚೇರಿಯವರು ಪಕ್ಕದಲ್ಲೇ ಕೂತಿರುತ್ತಾರೆ. ಕಾರ್ಯದರ್ಶಿ ತಪ್ಪಿಸಿಕೊಳ್ಳುವ ಉತ್ತರ ಕೊಟ್ಟರೆ, ಫೈಲಿನಲ್ಲಿ ಬೇರೆ ಇದೆ ಎಂದು ಸದಸ್ಯರಿಗೆ ತಿಳಿಸಲು ಅಲ್ಲೇ ಜನ ಇದ್ದಾರೆ.

ಬಾಗಿಲು ಮುಚ್ಚಿರುವುದು ಸರಿಯೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಸರಿ ಎಂದೇ ನನ್ನ ಅಭಿಪ್ರಾಯ. ಕ್ಯಾಮೆರಾ ಇದ್ದರೆ ಸದಸ್ಯರು ತಮ್ಮ ಪಕ್ಷಕ್ಕಾಗಿ ಮಾತಾಡುತ್ತಾರೆ. ಇಲ್ಲದಿದ್ದಾಗ ಆಡಳಿತ ಪಕ್ಷದವರೂ ತಮ್ಮದೇ ಸರ್ಕಾರದ ಅಧಿಕಾರಿಗೆ ಕಷ್ಟದ ಪ್ರಶ್ನೆ ಕೇಳುತ್ತಾರೆ. ಪಿಎಸಿ ವರದಿಗಳು ಹೆಚ್ಚಾಗಿ ಒಮ್ಮತದಿಂದ ಬರುವುದಕ್ಕೆ ಅದೇ ಕಾರಣ. ವರದಿ ಮಾತ್ರ ಸದನದ ಮುಂದೆ ಬರಲೇಬೇಕು, ಎಲ್ಲರಿಗೂ ಸಿಗಲೇಬೇಕು.

ಆ ಒಮ್ಮತ ಒಡೆದರೆ ಏನಾಗುತ್ತದೆ? 2010ರ ನವೆಂಬರಿನಲ್ಲಿ, ಮೊಬೈಲ್ ಕಂಪನಿಗಳಿಗೆ ಕೊಟ್ಟ 2ಜಿ ತರಂಗಾಂತರದ ಬಗ್ಗೆ ಸಿಎಜಿ ವರದಿ ಬಂತು. 1.76 ಲಕ್ಷ ಕೋಟಿ ರೂಪಾಯಿ ನಷ್ಟದ ಅಂದಾಜು ಮನೆಮಾತಾಯಿತು. ಪಿಎಸಿ ಅಧ್ಯಕ್ಷರಾಗಿದ್ದ ಮುರಳಿ ಮನೋಹರ ಜೋಶಿಯವರ ಕರಡು ವರದಿಯನ್ನು 2011ರಲ್ಲಿ ಸಮಿತಿಯ ಒಳಗೇ ಆಡಳಿತ ಪಕ್ಷದ ಕಡೆಯವರು ತಿರಸ್ಕರಿಸಿದರು. ಸ್ಪೀಕರ್ ಮೀರಾ ಕುಮಾರ್ ಅದನ್ನು ಹಿಂದಕ್ಕೆ ಕಳಿಸಿದರು. ಅದೇ ವರ್ಷ ಜಂಟಿ ಸಂಸದೀಯ ಸಮಿತಿಯೂ ಆಗಿತ್ತು, ಅಲ್ಲೂ ಜಗಳ. 2017ರಲ್ಲಿ ವಿಶೇಷ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಬಿಡುಗಡೆ ಮಾಡಿತು. ಇಷ್ಟರ ನಡುವೆ, ಪರವಾನಗಿ ಕೊಡುವ ವಿಧಾನದಲ್ಲಿ ಆದ ಲೋಪಗಳ ಬಗ್ಗೆ ಎಲ್ಲ ಪಕ್ಷಗಳೂ ಒಪ್ಪಿ ಸಹಿ ಮಾಡಿದ ಒಂದು ಪಿಎಸಿ ವರದಿ ದೇಶಕ್ಕೆ ಸಿಗಲೇ ಇಲ್ಲ. ದೊಡ್ಡ ಸಂಖ್ಯೆ ಬೀದಿಗೆ ಬಂದಾಗ ಕೋಣೆಯೊಳಗಿನ ಕೆಲಸ ಕೆಡುತ್ತದೆ. ಇದು ನನಗೆ ನಿಜವಾಗಿಯೂ ನೋವು ಕೊಡುವ ವಿಷಯ.

ಸಿಎಜಿ ವಿಷಯ ಬಂತಲ್ಲ, ಕರ್ನಾಟಕದ ನಂಟನ್ನೂ ಹೇಳಿಬಿಡುತ್ತೇನೆ. ಬೋಫೋರ್ಸ್ ಫಿರಂಗಿ ಖರೀದಿಯ ಬಗ್ಗೆ 1987ರಲ್ಲಿ ಆದ ಜಂಟಿ ಸಂಸದೀಯ ಸಮಿತಿಯ ಅಧ್ಯಕ್ಷರು ನಮ್ಮ ಚಿಕ್ಕೋಡಿಯ ಬಿ. ಶಂಕರಾನಂದ. 1989ರಲ್ಲಿ ಬೋಫೋರ್ಸ್ ಖರೀದಿಯ ಬಗ್ಗೆ ವರದಿ ಕೊಟ್ಟ ಸಿಎಜಿ ಟಿ.ಎನ್. ಚತುರ್ವೇದಿ, ಮುಂದೆ 2002ರಿಂದ 2007ರವರೆಗೆ ನಮ್ಮ ರಾಜ್ಯಪಾಲರಾಗಿದ್ದವರು. ಆ ವರದಿ ಬಂದಾಗ ಲೋಕಸಭೆಯ ವಿರೋಧ ಪಕ್ಷದ ಸದಸ್ಯರು ಸಾಮೂಹಿಕವಾಗಿ ರಾಜೀನಾಮೆ ಕೊಟ್ಟರು. ಒಂದು ಆಡಿಟ್ ವರದಿಗೆ ಅಷ್ಟು ಬಲವಿತ್ತು.

ಇನ್ನು ಹೂಡಿಕೆಯ ವಿಷಯ. ಸರ್ಕಾರ ಸಂಬಳ ಕೊಟ್ಟರೆ, ಔಷಧ ಕೊಂಡರೆ ಅದು ಖರ್ಚು. ಕಂಪನಿಯ ಷೇರು ಕೊಂಡರೆ ಹೂಡಿಕೆ. ಖರ್ಚಿಗಿಂತ ಹೂಡಿಕೆಯನ್ನು ಹಿಡಿಯುವುದು ಕಷ್ಟ. ಹಣ ಒಮ್ಮೆ ಕಂಪನಿಯೊಳಗೆ ಹೋದರೆ ಇಲಾಖೆಯ ಲೆಕ್ಕದಲ್ಲಿ ಅದು ಒಂದೇ ಸಾಲಾಗಿಬಿಡುತ್ತದೆ.

ಇದರ ಮೊದಲ ದೊಡ್ಡ ಪಾಠ ಸ್ವತಂತ್ರ ಭಾರತಕ್ಕೆ ಸಿಕ್ಕಿದ್ದು ಮುಂಧ್ರಾ ಪ್ರಕರಣದಲ್ಲಿ. 1956ರಲ್ಲಿ ಜೀವ ವಿಮೆಯನ್ನು ರಾಷ್ಟ್ರೀಕರಣ ಮಾಡಿ ಎಲ್‌ಐಸಿ ಮಾಡಿದರು. ಮರುವರ್ಷವೇ ಎಲ್‌ಐಸಿ ಹರಿದಾಸ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳಿಗೆ ಸುಮಾರು 1.24 ಕೋಟಿ ರೂಪಾಯಿ ಹಾಕಿತು. ಆ ಕಂಪನಿಗಳು ಮುಳುಗುವ ಹಂತದಲ್ಲಿದ್ದವು. ಎಲ್‌ಐಸಿಗೆ ತನ್ನದೇ ಹೂಡಿಕೆ ಸಮಿತಿ ಇತ್ತು, ಅದನ್ನು ಕೇಳಿರಲಿಲ್ಲ. 1957ರ ಡಿಸೆಂಬರಿನಲ್ಲಿ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಎದ್ದು ನಿಂತರು. ಅವರು ಆಡಳಿತ ಪಕ್ಷದವರು, ಪ್ರಧಾನಿಯ ಅಳಿಯ. ಆದರೂ ಕೇಳಿದರು. ವಿಮೆ ಕಂತು ಕಟ್ಟಿದ ಲಕ್ಷಾಂತರ ಜನರ ಹಣವನ್ನು ಯಾರ ಮಾತಿನ ಮೇಲೆ ಹಾಕಿದಿರಿ ಎಂಬುದೇ ಪ್ರಶ್ನೆ. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ಬಂತು. ಮುಂಬಯಿಯಲ್ಲಿ ಬಹಿರಂಗ ವಿಚಾರಣೆ ನಡೆಯಿತು. ಜನ ಎಷ್ಟು ಸೇರಿದರೆಂದರೆ ಹೊರಗೆ ಧ್ವನಿವರ್ಧಕ ಹಾಕಬೇಕಾಯಿತು. ವಾರಗಳಲ್ಲೇ ವರದಿ ಬಂತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ನಾನು ಇಲ್ಲಿ ಮಂತ್ರಿ ಹೋದದ್ದಕ್ಕಿಂತ ಹೂಡಿಕೆ ಸಮಿತಿಯನ್ನು ಕೇಳದೆ ಹಣ ಹಾಕಿದ್ದಕ್ಕೆ ಹೆಚ್ಚು ಗಮನ ಕೊಡುತ್ತೇನೆ. ಸಾರ್ವಜನಿಕ ಹೂಡಿಕೆಯಲ್ಲಿ ಅನಾಹುತ ಶುರುವಾಗುವುದು ಹೆಚ್ಚಾಗಿ ಹಾಗೇ. ನಿಯಮ ಇರುತ್ತದೆ, ಅದನ್ನು ಪಕ್ಕಕ್ಕೆ ಇಟ್ಟಿರುತ್ತಾರೆ. ಅದನ್ನು ಕಂಡುಹಿಡಿಯಲು ಪ್ರತಿ ಸಲವೂ ಒಬ್ಬ ಫಿರೋಜ್ ಗಾಂಧಿಗಾಗಿ ಕಾಯುವ ಹಾಗಿಲ್ಲ, ನಿತ್ಯದ ವ್ಯವಸ್ಥೆ ಬೇಕು. 1964ರಲ್ಲಿ ಸಂಸತ್ತಿನಲ್ಲಿ ಸಾರ್ವಜನಿಕ ಉದ್ಯಮಗಳ ಸಮಿತಿ ಬಂತು. ಎಲ್‌ಐಸಿಯೂ ಅದರ ವ್ಯಾಪ್ತಿಗೆ ಸೇರಿತು. ಸರ್ಕಾರದ ದೊಡ್ಡ ನೀತಿಗಳನ್ನು, ಕಂಪನಿಯ ದಿನನಿತ್ಯದ ಆಡಳಿತವನ್ನು ಅದು ಕೈಗೆತ್ತಿಕೊಳ್ಳುವುದಿಲ್ಲ. ಉಳಿದದ್ದನ್ನೆಲ್ಲ ಕೇಳಬಹುದು.

ನಮ್ಮ ಜಿಲ್ಲೆಯನ್ನೇ ನೋಡಿ. ಸಾರ್ವಜನಿಕ ಹೂಡಿಕೆ ಇಷ್ಟು ದಟ್ಟವಾಗಿರುವ ಜಿಲ್ಲೆಗಳು ಕಡಿಮೆ. ಕೊಂಕಣ ರೈಲ್ವೆ ಒಂದು ಕಂಪನಿ, 1990ರಲ್ಲಿ ಆದದ್ದು. ಶುರುವಿನ ಪಾಲು ಕೇಂದ್ರದ್ದು 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6 ಶೇಕಡಾ. ಅಂದರೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ದಾಟಿ ಹೋಗುವ ಆ ಹಳಿಯಲ್ಲಿ ನಮ್ಮ ರಾಜ್ಯದ ತೆರಿಗೆ ಹಣವೂ ಇದೆ. ಸಾಲಪತ್ರ ಮಾರಿ ಜನರಿಂದಲೂ ಹಣ ಎತ್ತಿದರು. 1998ರಲ್ಲಿ ಮಾರ್ಗ ಪೂರ್ತಿ ತೆರೆಯಿತು. ಮಳೆಗಾಲದಲ್ಲಿ ಮುಂಬಯಿಗೆ ಹೋಗುವುದು ಮೊದಲು ಎಷ್ಟು ಕಷ್ಟವಿತ್ತು ಎಂದು ಹಿರಿಯರಿಗೆ ಗೊತ್ತು. ಲಾಭ ನಷ್ಟದ ಪಟ್ಟಿಯಿಂದ ಮಾತ್ರ ಈ ಹೂಡಿಕೆಯನ್ನು ಅಳೆಯಬಾರದು. ಹಾಗಂತ ಲೆಕ್ಕವನ್ನೇ ಕೇಳಬಾರದು ಎಂದೂ ಅಲ್ಲ. ಒಳ್ಳೆಯ ಸಮಿತಿ ಎರಡನ್ನೂ ಒಟ್ಟಿಗೆ ನೋಡುತ್ತದೆ.

ಕೈಗಾ ಅಣು ವಿದ್ಯುತ್ ಕೇಂದ್ರ ಇನ್ನೊಂದು. 1994ರಲ್ಲಿ ಒಂದನೇ ಘಟಕದ ಗುಮ್ಮಟ ಕಟ್ಟುತ್ತಿರುವಾಗಲೇ ಕಾಂಕ್ರೀಟ್ ಕಳಚಿ ಬಿತ್ತು. ವಿನ್ಯಾಸ ತಿದ್ದಿ ಮತ್ತೆ ಕಟ್ಟಬೇಕಾಯಿತು. ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆಗೆ ಬಂದದ್ದು 2000ದಲ್ಲಿ. ತಡವಾದ ಒಂದೊಂದು ವರ್ಷಕ್ಕೂ ಸಾಲದ ಬಡ್ಡಿ ಬೆಳೆಯುತ್ತದೆ, ಅದು ಕಡೆಗೆ ವಿದ್ಯುತ್ ದರಕ್ಕೆ ಸೇರುತ್ತದೆ. ತಡ ಯಾಕಾಯಿತು, ಎಷ್ಟು ಖರ್ಚಾಯಿತು ಎಂದು ಕೇಳುವುದು ಯೋಜನೆಯ ವಿರೋಧವಲ್ಲ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಯೋಜನೆಯ ಪರ ಅಥವಾ ವಿರೋಧ ಎಂದು ಎರಡೇ ಬಣ ಮಾಡಿಬಿಡುತ್ತೇವೆ. ಲೆಕ್ಕ ಕೇಳುವವರಿಗೆ ಜಾಗವೇ ಇರುವುದಿಲ್ಲ. ಕಾಳಿ, ಶರಾವತಿಯ ವಿದ್ಯುತ್ ಕೇಂದ್ರಗಳು ರಾಜ್ಯದ ವಿದ್ಯುತ್ ನಿಗಮ ಕೆಪಿಸಿಯವು. ಅದರ ಲೆಕ್ಕ ನೋಡುವುದು ಬೆಂಗಳೂರಿನ ವಿಧಾನಮಂಡಲದ ಸಾರ್ವಜನಿಕ ಉದ್ಯಮಗಳ ಸಮಿತಿ. ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯ ಬಗ್ಗೆ ಇಷ್ಟು ಮಾತು ನಡೆದಿದೆಯಲ್ಲ, ಕಾಡಿನ ಪ್ರಶ್ನೆಯ ಜೊತೆಗೆ ಹಣದ ಪ್ರಶ್ನೆಯನ್ನೂ ಅಲ್ಲಿ ಕೇಳಿಸಬಹುದು.

ಕರಾವಳಿಯವರಿಗೆ ದಿನವೂ ಎದುರಾಗುವುದು ಹೆದ್ದಾರಿ 66. ಹಟ್ಟಿಕೇರಿಯಲ್ಲಿ, ಹೊಳೆಗದ್ದೆಯಲ್ಲಿ ಟೋಲ್ ಕಟ್ಟುತ್ತೀರಿ. 2025ರ ಮೇ ತಿಂಗಳಲ್ಲಿ ಇದೇ ಹೆದ್ದಾರಿ ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಕುಸಿಯಿತು. ಆಗ ಕೆ.ಸಿ. ವೇಣುಗೋಪಾಲ್ ಅಧ್ಯಕ್ಷರಾಗಿದ್ದ ಪಿಎಸಿ ಹೆದ್ದಾರಿ ಅಧಿಕಾರಿಗಳನ್ನು ಕರೆಸಿ ಕೇಳಿತು. ಅದೇ ಆಗಸ್ಟಿನಲ್ಲಿ ಬಂದ ಟೋಲ್ ಕುರಿತ ವರದಿಯಲ್ಲಿ, ರಸ್ತೆಯ ಬಂಡವಾಳ ಮತ್ತು ನಿರ್ವಹಣೆಯ ಖರ್ಚು ವಸೂಲಾದ ಮೇಲೂ ಕೊನೆಯಿಲ್ಲದೆ ಟೋಲ್ ಎತ್ತುವ ಪದ್ಧತಿ ನಿಲ್ಲಬೇಕು ಎಂದು ಸಮಿತಿ ಹೇಳಿತು. ಕಾಮಗಾರಿ ನಡೆಯುತ್ತಿರುವ ರಸ್ತೆಯಲ್ಲಿ ಕಟ್ಟಿದ ಟೋಲ್ ವಾಪಸ್ ಕೊಡುವ ವ್ಯವಸ್ಥೆ ಬೇಕು ಎಂದೂ ಹೇಳಿತು. ನಮ್ಮ ಕರಾವಳಿಯಲ್ಲಿ ಎಷ್ಟು ವರ್ಷದಿಂದ ಜನ ಕೇಳುತ್ತಿದ್ದ ಮಾತು ಇದು! 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿತ, ಆಗಸ್ಟಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದದ್ದು, ಎರಡೂ ಇದೇ ಹೆದ್ದಾರಿಯಲ್ಲಿ. ಪಿಎಸಿಯ ವರದಿ ನಮ್ಮ ಕೈಯಲ್ಲಿ ಇರಬೇಕಾದ ಕಾಗದ.

ಸಮಿತಿ ಹೇಳಿದ್ದನ್ನು ಸರ್ಕಾರ ಪಾಲಿಸಲೇಬೇಕೆಂಬ ಕಡ್ಡಾಯ ಇಲ್ಲ. ಶಿಕ್ಷೆ ಕೊಡುವ ಅಧಿಕಾರವೂ ಸಮಿತಿಗಿಲ್ಲ. ಸರ್ಕಾರ ಆರು ತಿಂಗಳೊಳಗೆ ಏನು ಕ್ರಮ ತೆಗೆದುಕೊಂಡಿದ್ದೇವೆ ಎಂದು ಉತ್ತರಿಸಬೇಕು. ಸಮಿತಿ ಆ ಉತ್ತರದ ಮೇಲೆ ಇನ್ನೊಂದು ವರದಿ ಕೊಡುತ್ತದೆ. ಯಾವುದನ್ನು ಒಪ್ಪಿದರು, ಯಾವುದಕ್ಕೆ ಉತ್ತರ ಸಮಾಧಾನ ತಂದಿಲ್ಲ, ಯಾವುದಕ್ಕೆ ಉತ್ತರವೇ ಬಂದಿಲ್ಲ ಎಂದು ಅದರಲ್ಲಿ ವಿಂಗಡಿಸಿರುತ್ತಾರೆ. ನನ್ನ ಪ್ರಕಾರ ಮೊದಲ ವರದಿಗಿಂತ ಈ ಎರಡನೆಯದೇ ಮುಖ್ಯ. ಪತ್ರಿಕೆಗಳು ಅದರ ಸುದ್ದಿ ಮಾಡುವುದು ಅಪರೂಪ. ಅಷ್ಟರಲ್ಲಿ ಸಮಿತಿಯ ವರ್ಷವೂ ಮುಗಿದಿರುತ್ತದೆ, ಹೊಸ ಸದಸ್ಯರು ಬಂದಿರುತ್ತಾರೆ. ವಿಷಯ ಕಲಿತವರು ಹೋಗಿರುತ್ತಾರೆ. ಒಂದು ವರ್ಷದ ಅವಧಿ ಬಹಳ ಕಡಿಮೆ, ಅದನ್ನು ಬದಲಿಸಲೇಬೇಕು.

ತಡ ಎನ್ನುವುದು ಸಣ್ಣ ದೋಷವಲ್ಲ. ಬೇಲೇಕೇರಿ ಬಂದರಿನಿಂದ ಅದಿರು ಹೋಗುತ್ತಿದ್ದ ವರ್ಷಗಳನ್ನು ನೆನಪಿಸಿಕೊಳ್ಳಿ. ಜಪ್ತಿ ಮಾಡಿ ಇಟ್ಟ ಲಕ್ಷಾಂತರ ಟನ್ ಅದಿರು 2010ರಲ್ಲಿ ಮಾಯವಾಯಿತು. ಅಕ್ರಮ ಗಣಿಗಾರಿಕೆಯಿಂದ ರಾಜ್ಯದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು 2011ರಲ್ಲಿ ಹೇಳಿದ್ದು ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ. ಲಾರಿಗಳು ಸಾಲುಸಾಲಾಗಿ ಘಟ್ಟ ಇಳಿಯುವುದನ್ನು ಇಡೀ ಜಿಲ್ಲೆ ನೋಡಿತ್ತು. ಕಣ್ಣೆದುರು ನಡೆಯುವುದನ್ನು ಅಂದೇ ತಡೆಯುವ ಶಕ್ತಿ ಈ ಸಮಿತಿಗಳಿಗಿಲ್ಲ. ಹಾಗಾಗಿ ಲೋಕಾಯುಕ್ತ ಬೇಕು, ಕೋರ್ಟು ಬೇಕು. ಸಮಿತಿ ಮಾಡಬಹುದಾದ್ದು, ಮತ್ತೆ ಹಾಗಾಗದಂತೆ ಪರವಾನಗಿ, ರಾಜಧನ, ತೂಕದ ಲೆಕ್ಕದ ವ್ಯವಸ್ಥೆಯನ್ನು ಸರಿಮಾಡಿಸುವುದು.

ರಾಜ್ಯದ ವಿಷಯದಲ್ಲಿ ಇನ್ನೆರಡು ಮಾತು. ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು 13 ಬಜೆಟ್ ಮಂಡಿಸಿದವರು. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದು. ಹೆಮ್ಮೆಪಡುವ ವಿಷಯವೇ. ಅದೇ ರಾಜ್ಯದ ಸಿಎಜಿ ವರದಿಗಳನ್ನು ತೆರೆದರೆ ಕೆಲವು ಮಾತುಗಳು ವರ್ಷ ವರ್ಷ ಮತ್ತೆ ಮತ್ತೆ ಬರುತ್ತವೆ. ಕಂಪನಿ, ನಿಗಮಗಳಲ್ಲಿ ರಾಜ್ಯ ಹೂಡಿದ ಸಾವಿರಾರು ಕೋಟಿಗೆ ಬರುವ ಲಾಭಾಂಶ ಶೇಕಡಾ ಒಂದಕ್ಕಿಂತ ಕಡಿಮೆ, ಸಾಲಕ್ಕೆ ಕಟ್ಟುವ ಬಡ್ಡಿ ಅದರ ಎಷ್ಟೋ ಪಟ್ಟು. ನಿಗಮಗಳ ಹೆಸರಿನಲ್ಲಿ ಎತ್ತಿ ಸರ್ಕಾರವೇ ತೀರಿಸುವ ಸಾಲಗಳಿವೆ. ಪಿಡಿ ಖಾತೆಗಳಲ್ಲಿ, ಅಂದರೆ ಅಧಿಕಾರಿಗಳ ಹೆಸರಿನ ವೈಯಕ್ತಿಕ ಠೇವಣಿ ಖಾತೆಗಳಲ್ಲಿ, ಉಳಿದುಬಿಟ್ಟ ಹಣ ಇದೆ. ಮಾರ್ಚ್ ತಿಂಗಳಲ್ಲಿ ಒಮ್ಮೆಲೇ ಏರುವ ಖರ್ಚು ಬೇರೆ. ಜನವರಿವರೆಗೆ ಕದಲದ ಕಾಮಗಾರಿಯ ಬಿಲ್ಲು ಮಾರ್ಚ್ 31ರೊಳಗೆ ಪಾಸಾಗುವುದನ್ನು ನಾವು ಹಳ್ಳಿಗಳಲ್ಲೇ ನೋಡುತ್ತೇವೆ, ಅಲ್ವಾ? ಅವಸರದಲ್ಲಿ ಹಾಕಿದ ಡಾಂಬರು ಜೂನ್ ಮಳೆಗೆ ನಿಲ್ಲುವುದಿಲ್ಲ. ಆ ಅವಸರ ಅಲ್ಲಿ ಕೋಷ್ಟಕವಾಗಿ ಅಚ್ಚಾಗಿರುತ್ತದೆ.

ಹಾಗಾದರೆ ನಾವು ಮಾಡುವುದೇನು? ರಾಜ್ಯದ ಸಿಎಜಿ ವರದಿಗಳು ಕನ್ನಡದಲ್ಲೂ ಇವೆ, ಜಾಲತಾಣದಲ್ಲಿ ಸಿಗುತ್ತವೆ. ಪೂರ್ತಿ ಓದಬೇಕಿಲ್ಲ. ನಿಮಗೆ ಗೊತ್ತಿರುವ ಒಂದು ಇಲಾಖೆ ಹಿಡಿಯಿರಿ. ಶಿಕ್ಷಕರಾದವರು ಶಾಲೆಯದು, ತೋಟಗಾರರು ತೋಟಗಾರಿಕೆಯದು, ಮೀನುಗಾರರು ಬಂದರಿನದು. ಪಂಚಾಯಿತಿ ಮಟ್ಟದಲ್ಲಿ ಪ್ರತಿ ವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಜಮಾಬಂದಿ ನಡೆಯಬೇಕು. ಅಲ್ಲಿ ವಹಿ, ವೋಚರು ತೆಗೆದು ತೋರಿಸಬೇಕು, ಕಾಮಗಾರಿಯ ಜಾಗಕ್ಕೂ ಹೋಗಬೇಕು. ಮಳೆ ಜೋರಿದೆ ಎಂದು ಮನೆಯಲ್ಲೇ ಉಳಿಯಬೇಡಿ. ಉದ್ಯೋಗ ಖಾತ್ರಿಯ ಸಾಮಾಜಿಕ ಲೆಕ್ಕಪರಿಶೋಧನೆಯ ಗ್ರಾಮಸಭೆಗೂ ಹೋಗಿ.

ಸಮಿತಿಗೆ ಪತ್ರ ಬರೆಯುವುದು ಹೇಗೆ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ವಿಧಾನಮಂಡಲದ ಸಮಿತಿಗಳು ಜಿಲ್ಲಾ ಪ್ರವಾಸಕ್ಕೆ ಬರುತ್ತವೆ, ಕಾರವಾರದಲ್ಲಿ ಅಧಿಕಾರಿಗಳ ಸಭೆ ಮಾಡುತ್ತವೆ. ಆಗ ಹತ್ತು ಪುಟದ ದೂರು ಕೊಟ್ಟರೆ ಯಾರೂ ಓದುವುದಿಲ್ಲ. ಎರಡೇ ಪುಟ ಬರೆಯಿರಿ. ಯಾವ ವರ್ಷದ ಸಿಎಜಿ ವರದಿ, ಎಷ್ಟನೇ ಕಂಡಿಕೆ, ಇಲಾಖೆ ಕೊಟ್ಟ ಉತ್ತರ ಏನು ಎಂದು ಮೊದಲು ಹಾಕಿ. ಆಮೇಲೆ ನೀವು ಸ್ಥಳದಲ್ಲಿ ಕಂಡದ್ದು, ತಾರೀಕು ಸಮೇತ. ಮಾಹಿತಿ ಹಕ್ಕಿನಲ್ಲಿ ತೆಗೆದ ಕಾಗದ ಇದ್ದರೆ ಪ್ರತಿ ಸೇರಿಸಿ. ಯಾರು ಕಳ್ಳರು ಎಂದು ಬರೆಯಬೇಡಿ. ಕಾರ್ಯದರ್ಶಿಗೆ ಕೇಳಬೇಕಾದ ಪ್ರಶ್ನೆಯನ್ನು ಬರೆಯಿರಿ, ಸದಸ್ಯರು ಅದನ್ನು ಹಾಗೇ ಓದಿ ಕೇಳುವಷ್ಟು ನೇರವಾಗಿ. ಒಂದು ಪ್ರತಿ ನಿಮ್ಮ ಶಾಸಕರಿಗೆ, ಒಂದು ಸಂಸದರಿಗೆ, ಒಂದು ನಿಮ್ಮ ಹತ್ತಿರ. ಆರು ತಿಂಗಳಾದ ಮೇಲೆ ಆ ಪ್ರತಿ ಇಟ್ಟುಕೊಂಡು ಇನ್ನೊಂದು ಪತ್ರ ಬರೆಯಿರಿ, ಉತ್ತರ ಏನು ಬಂತು ಎಂದು ಕೇಳಿ.